ಟವರಿಗೆ ಬಂದ ಉಡಿ

ಟೀವಿ ಟವರಿನ ಗೇಟು ದಾಟಿದವಳೇ ಕಾಶವ್ವ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಪಕ್ಕದ ಮನೆಯ ಜೈತುನಬೀಯೂ ಬಿಟ್ಟಳು. ಖಾನಾಪುರದಿಂದ ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಬಂದಿಳಿದ ಈ ಇಬ್ಬರು ಮುದುಕಿಯರು ಹನ್ನೊಂದು ಮಂದಿಯನ್ನು ದಾರಿ ಕೇಳಿ, ಹನ್ನೊಂದು ಮಂದಿಯನ್ನೂ ನಗಿಸಿ ಇಲ್ಲಿಗೆ ತಲುಪಿದ್ದರು. ಕಾಶವ್ವನ ಬುಟ್ಟಿಯಲ್ಲಿ ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು ಇದ್ದವು. ಬಾಗಿಲು ತೆಗೆದ ಇಂಜಿನಿಯರ್ ಮೈಲಾರಲಿಂಗನ ಕಿವಿಯಲ್ಲಿ ರೇಡಿಯೋ, ರೇಡಿಯೋದಲ್ಲಿ ಕ್ರಿಕೆಟ್ಟು.

"ಕುಣಿಯೂ ಹುಡುಗಿ ಒಳಗ ಅದಾಳೇನೋ ತಮ್ಮಾ?" ಕಾಶವ್ವ ಕೇಳಿದಳು. "ಉಡಿ ತುಂಬೂದೈತಿ."

"ಯಾವ ಹುಡುಗಿ, ಆಯಿ?"

"ಬುಧವಾರ ಆರೂವರಿಗೆ ಟೀವ್ಯಾಗ ಕುಣೀತಾಳಲ್ಲ, ಆಕಿ. ಹೊತ್ತಾತು, ಗೆಜ್ಜಿ ಕಟ್ಟಾಕತ್ತಿರಬೇಕು. ಕಟ್ಟಲಿ ಬಿಡು, ನಮಗೇನು ಅವಸರ ಇಲ್ಲ."

ಎಂಬತ್ನಾಲ್ಕರಲ್ಲಿ ಓಣಿಗೆಲ್ಲ ಮೊದಲ ಟೀವಿ ಬಂದದ್ದು ಕಾಶವ್ವನ ಮನೆಗೆ. ಆಗ ಬುಧವಾರದ ಹಾಡು-ಕುಣಿತಕ್ಕೆ ಅವಳ ಪಡಸಾಲೆಯಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳುತ್ತಿರಲಿಲ್ಲ. ಮೊದಲು ಮಗ ಎದ್ದುಹೋದ, ಅವನಿಗೆ ಸಿನಿಮಾ ಹಾಡೇ ಆಗಬೇಕು. ಆಮೇಲೆ ಮೊಮ್ಮಗಳು ಗಂಗಾದೇವಿ ಎದ್ದುಹೋದಳು, ಅವಳಿಗೆ ಹಾಡೇ ಬೇಡ, ಧಾರಾವಾಹಿ ಬೇಕು. ಓಣಿಯವರೂ ಒಬ್ಬೊಬ್ಬರಾಗಿ ಸರಿದು, ಮೂರು ವರ್ಷದಲ್ಲಿ ಕಾಶವ್ವ, ಜೈತುನಬೀ ಇಬ್ಬರೇ ಉಳಿದರು. ವಾರವಾರ ಕುಣಿಯುವವರು ಬೇರೆಯಾದರೂ ಕಪ್ಪು-ಬಿಳುಪು ಟೀವಿಯಲ್ಲಿ ಕಾಶವ್ವನಿಗೆ ಎಲ್ಲರೂ ಒಬ್ಬಳೇ ಹುಡುಗಿ. ಆ ಅರ್ಧ ತಾಸಿಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು. ಹೋದ ವಾರ ಗಂಗಾದೇವಿ ಪೇಪರು ಓದಿ ಹಿಗ್ಗಿಹೋದಳು: ಬರುವ ತಿಂಗಳಿಂದ ಆ ಹೊತ್ತಿಗೆ ಧಾರಾವಾಹಿ, ಕುಣಿತ ರಾತ್ರಿ ಹನ್ನೊಂದಕ್ಕೆ. ಎಂಟಕ್ಕೇ ಗೊರಕೆ ಹೊಡೆಯುವ ಕಾಶವ್ವನಿಗೆ ಹನ್ನೊಂದೂ ಒಂದೇ, ಮುಂದಿನ ಜನ್ಮವೂ ಒಂದೇ. ಆದರೆ ಅಳುತ್ತ ಕೂಡುವ ಹೆಂಗಸಲ್ಲ ಅವಳು. ಏರಿಯಲ್ ಕಟ್ಟಿದವನು ಅದನ್ನು ಬೆಳಗಾವಿ ಕಡೆ ತಿರುಗಿಸಿ, "ಎಲ್ಲಾ ಅಲ್ಲಿ ಟವರಿನಿಂದನ ಬರತೈತ್ರಿ" ಅಂದದ್ದು ನೆನಪಿತ್ತು. ಹೋಗಿ ಮಡಿಲಿಗೆ ಖಣ-ಕಾಯಿ ಹಾಕಿ ಉಡಿ ತುಂಬಿಬಿಟ್ಟರೆ ಆ ಹುಡುಗಿ ಮನೆಮಗಳಾದಳು. ಮನೆಮಗಳನ್ನು ಅಪರಾತ್ರಿಯಲ್ಲಿ ಕುಣಿಸಲು ಯಾವ ಸರ್ಕಾರಕ್ಕೆ ಧೈರ್ಯ ಬಂದೀತು?

ಮೈಲಾರಲಿಂಗ ನಗಲು ಹೊರಟವನು ಬುಟ್ಟಿ ನೋಡಿ ನಗು ನುಂಗಿಕೊಂಡ. ರೇಡಿಯೋ ಬಂದ್ ಮಾಡಿ ಇಬ್ಬರನ್ನೂ ಒಳಗೆ ಕರೆದ. ಕಪಾಟಿನಂಥ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಮೂಲೆಯಲ್ಲೊಂದು ಪುಟ್ಟ ಟೀವಿ, ಅದರೊಳಗೆ ಹುಡುಗಿ ಆಗಲೇ ಕುಣಿಯುತ್ತಿದ್ದಳು, ದನಿ ಮಾತ್ರ ಇರಲಿಲ್ಲ. ಕಾಶವ್ವ ಟೀವಿಯ ಹಿಂದೆ ಇಣುಕಿದಳು. ಯಂತ್ರಗಳ ಹಿಂದೆಯೂ ಹೋಗಿ ನೋಡಿ ಬಂದಳು.

"ಆಕಿ ದಿಲ್ಲ್ಯಾಗ ಇರ್ತಾಳ್ರಿ ಆಯಿ. ನಾವು ಇಲ್ಲಿಂದ ಮುಂದಕ್ಕ ದಾಟಸ್ತೀವಿ, ಅಷ್ಟ."

"ಹಂಗಾರ ಈಗ ದಿಲ್ಲ್ಯಾಗ ಕುಣ್ಯಾಕತ್ತಾಳ."

"ಅಲ್ಲೂ ಕುಣ್ಯಾಕತ್ತಿಲ್ರಿ. ಎಂದೋ ಕುಣಿದಿದ್ದು ಹಿಡದ ಇಟ್ಟಿರ್ತಾರ. ಈಗ ಮನ್ಯಾಗ ಕುಂತ ಚಾ ಕುಡ್ಯಾಕತ್ತಿರಬೇಕು."

ಕಾಶವ್ವ ಬುಟ್ಟಿ ಇಳಿಸಿ ನೆಲದ ಮೇಲೆ ಕೂತಳು. "ಮೂರು ವರ್ಷ ಬುಧವಾರಕ್ಕೊಮ್ಮೆ ಆಕಿ ದೃಷ್ಟಿ ತಗದೇನಲ್ಲೋ ತಮ್ಮಾ."

ಪಕ್ಕದಲ್ಲೇ ಕೂತ ಜೈತುನಬೀ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. "ಚಾ ಕುಡಿಯೋರ ದೃಷ್ಟಿ ತಗದ್ಯಾ, ಕಾಶಕ್ಕ?"

ಕಾಶವ್ವ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಣ್ಣೊರೆಸಿಕೊಂಡು ಕಾಶವ್ವ ತೀರ್ಪು ಕೊಟ್ಟಳು.

"ತುಂಬಾಕ ತಂದ ಉಡಿ ಹೊಳ್ಳಿ ಮನಿಗೆ ಒಯ್ಯಾಕ ಬರೂದಿಲ್ಲ. ಕುಣಿಯೋರ ಉಡಿಗೇ ಹಾಕಬೇಕು. ಏಳು, ಜೈತುನಾ."

"ನನ್ನ ಸೊಂಟ ಹಿಡದೈತಿ."

"ಕುಣಿದರ ಬಿಡತೈತಿ. ಮಗನ ವಯಸ್ಸಿನವನ ಮುಂದ ನಾಚಿಕಿ ಏನು?"

ಜೈತುನಬೀ ಎದ್ದು ಸೆರಗು ಸಿಕ್ಕಿಸಿದಳು. ಮದುವೆಮನೆಗಳಲ್ಲಿ ಹೆಂಗಸರ ನಡುವೆ ಅವಳು ಕುಣಿದದ್ದು ನಲವತ್ತು ವರ್ಷದ ಹಿಂದಿನ ಮಾತು, ಕಾಲು ಮಾತ್ರ ಒಂದು ಹೆಜ್ಜೆಯನ್ನೂ ಮರೆತಿರಲಿಲ್ಲ. ಕಾಶವ್ವ ಚಪ್ಪಾಳೆ ತಟ್ಟುತ್ತ ಬೀಸುಕಲ್ಲಿನ ಹಾಡೊಂದನ್ನು ಎತ್ತಿದಳು. ಮೈಲಾರಲಿಂಗ ಮೇಜು ಬಡಿಯತೊಡಗಿದ. ಬಡಿತ ಏರಿತು, ಹಾಡು ಅದರ ಬೆನ್ನು ಹತ್ತಿತು, ಜೈತುನಬೀಯ ಬಳೆಗಳು ಝಲ್ಲೆಂದವು. ತಡೆಯಲಾರದೆ ಕಾಶವ್ವನೂ ಎದ್ದಳು. ಇಬ್ಬರೂ ಕೈ ಕೈ ಹಿಡಿದು ಗಿರಗಿರ ತಿರುಗಿದರು, ಮೈಲಾರಲಿಂಗನ ಕೈಯನ್ನೂ ಎಳೆದುಕೊಂಡರು. ಇಷ್ಟು ಖುಷಿ ಮನೆಯ ಟೀವಿಯ ಎದುರು ತನಗೆ ಎಂದೂ ಆಗಿರಲಿಲ್ಲ ಎಂದು ತಿರುಗುತ್ತ ತಿರುಗುತ್ತಲೇ ಕಾಶವ್ವನಿಗೆ ಅನಿಸಿತು. ಉಸಿರು ಕಟ್ಟಿ ನಿಂತಾಗ ಜೈತುನಬೀಯ ಸೆರಗು ಹಿಡಿಸಿ ಖಣ, ಕಾಯಿ, ಅಕ್ಕಿ ಎಲ್ಲ ಸುರಿದಳು. ಒಂದು ಉತ್ತತ್ತಿಯನ್ನು ಮೇಜು ಬಡಿದವನಿಗೂ ಕೊಟ್ಟಳು.

ಅದನ್ನು ಬಾಯಿಗೆ ಹಾಕಿಕೊಂಡು ತಿರುಗಿದ ಮೈಲಾರಲಿಂಗ ಬೆಚ್ಚಿಬಿದ್ದ. ಪುಟ್ಟ ಟೀವಿಯಲ್ಲಿ ಹುಡುಗಿ ಇರಲಿಲ್ಲ, ಬರೀ ಚುಕ್ಕಿಗಳು ಕುದಿಯುತ್ತಿದ್ದವು. ಚಿತ್ರ ಯಾವಾಗ ಹೋಗಿತ್ತೋ. ಓಡಿಹೋಗಿ ಏನೇನೋ ತಿರುವಿದ. ಚಿತ್ರ ಬಂದಾಗ ಕುಣಿತ ಮುಗಿದು ಯಾರೋ ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಅವನು ಮೇಜಿನ ಮೇಲಿದ್ದ ಫೋನನ್ನೇ ನೋಡಿದ. ರಿಸೀವರ್ ಎತ್ತಿ ಕಿವಿಗಿಟ್ಟ. ಫೋನು ಸರಿಯಾಗೇ ಇತ್ತು.

"ಧಾರಾವಾಹಿ ಅರ್ಧ ನಿಮಿಷ ನಿಂತರ ಇಡೀ ಊರು ಫೋನ್ ಮಾಡಿ ಬೈತೈತ್ರಿ ಆಯಿ," ಎಂದ ಮೆಲ್ಲಗೆ. "ಇವತ್ತ ಇಷ್ಟೊತ್ತಾದರೂ ಒಬ್ಬರೂ ಮಾಡಿಲ್ಲ."

ಕಾಶವ್ವ ಖಾಲಿ ಬುಟ್ಟಿಯನ್ನು ಕಂಕುಳಿಗೆ ಏರಿಸಿದಳು.

"ನೋಡೋರು ಇಬ್ಬರೂ ಇಲ್ಲೇ ಅದೀವಲ್ಲೋ ತಮ್ಮಾ," ಎಂದಳು, "ಮತ್ತ್ಯಾರು ಮಾಡ್ತಾರ?"