ಗುಲಾಬಿ ಬಣ್ಣದ ಕೋಟು

ಗೊಂಚಿಗ್ ಮಗನನ್ನು ಎಲ್ಲೋ ಬಚ್ಚಿಟ್ಟಿದ್ದಾನೆ. ಬೆನ್ನು ಹತ್ತಿ ಬಂದವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬೆಳಗ್ಗೆಯೇ ಅವನು ಗೊಂಚಿಗ್‌ನ ಗುಡಾರಕ್ಕೆ ಹೋಗಿ ಬಂದಿದ್ದ. ಒಲೆ ಪಕ್ಕ ಗಂಡುಹುಡುಗನ ಪುಟ್ಟ ಬೂಟು ಇತ್ತು, ಹುಡುಗ ಇರಲಿಲ್ಲ. ಗೊಂಚಿಗ್ ಆಗಲೇ ಕುದುರೆ ಏರಿ ಉಲಿಯಾಸ್ತೈ ಸಂತೆಗೆ ಹೊರಟಾಗಿತ್ತು. ಅವನ ಮುಂದೆ ಕೂತಿದ್ದದ್ದು ಒಂದು ಹುಡುಗಿ. ಎರಡು ಜಡೆ, ಕೆಂಪು ರಿಬ್ಬನ್ನು, ಮೂಗಿನ ಮೇಲೆ ಮಸಿ. ಮೂರನೆಯದೂ ಗಂಡೇ ಎಂದು ಊರೆಲ್ಲ ಹೇಳುತ್ತಿತ್ತಲ್ಲ, ಇದೆಲ್ಲಿಂದ ಬಂತು?

ಆ ಮನೆ ಅವನಿಗೆ ಹೊಸದೇನಲ್ಲ. ಹಿರಿಯ ಮಗನನ್ನು ಕರೆದೊಯ್ದವನು ಅವನೇ. ಹೋದ ಚಳಿಗಾಲದಲ್ಲಿ ಎರಡನೆಯವನನ್ನೂ ಒಯ್ದ. ತಾಯಿ ಬಾಯಿ ಬಾಯಿ ಬಡಿದುಕೊಂಡಳು, ಯಾರ್ಯಾರ ಕಾಲಿಗೋ ಬಿದ್ದಳು. ಅದೆಲ್ಲ ಅವನಿಗೆ ನಾಟುವುದಿಲ್ಲ. ಈ ಸಲ ಕಿರಿಯವನ ಸರದಿ.

ದುಲ್ಮಾ ಕೋಟು ಮಾರುವ ತಗಡಿನ ಅಂಗಡಿಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಹೊರಗೆ ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಕಲ್ಲಾಗುವ ಚಳಿ. ಅವನ ಮೈಮೇಲೆ ಕೋಟಿಲ್ಲ, ತಲೆಗೆ ಟೋಪಿಯಿಲ್ಲ. ಗೊಂಚಿಗ್‌ನ ಬೆನ್ನಿಗೇ ಒಳಗೆ ನುಸುಳಿ ಬಾಗಿಲ ಬಳಿ ನಿಂತ. ಯಾರೂ ಕೂರು ಅನ್ನಲಿಲ್ಲ, ನಶ್ಯದ ಡಬ್ಬಿ ಚಾಚಲಿಲ್ಲ. ಅದು ಅವನಿಗೆ ರೂಢಿ. ಮೂಲೆಯಲ್ಲಿ ಮಲಗಿದ್ದ ನಾಯಿ ಮಾತ್ರ ಗುರ್ರೆಂದಿತು.

“ಬಾಗಿಲು ಹಾಕಯ್ಯ ಗೊಂಚಿಗ್! ಬೆನ್ನಲ್ಲಿ ನಡುಕ ಹುಟ್ತಿದೆ” ಎಂದಳು ದುಲ್ಮಾ.

“ಹಾಕಿದೀನಲ್ಲಕ್ಕಾ. ಈ ವರ್ಷದ ಚಳಿ ಸುಮ್ನೆ ಬಿಡೋ ಥರ ಕಾಣ್ತಿಲ್ಲ. ಬೆಚ್ಚಗಿರೋದು ಒಂದು ಕೋಟು ಕೊಡು. ಪುಟ್ಟದು.”

“ನಿನ್ನ ಮಗನಿಗೇ ಅಂತ ಒಂದು ಎತ್ತಿಟ್ಟಿದೀನಿ, ನೋಡು.” ದುಲ್ಮಾ ಒಂದು ನೀಲಿ ಕೋಟನ್ನು ಕೊಡವಿ ಹಿಡಿದಳು. ಒಳಗೆಲ್ಲ ತೋಳದ ತುಪ್ಪಳ.

ಬಾಗಿಲ ಬಳಿ ನಿಂತವನ ಕಿವಿ ನಿಮಿರಿತು.

“ಯಾವ ಮಗ?” ಗೊಂಚಿಗ್‌ನ ಮುಖ ಬಿಳಿಚಿಕೊಂಡಿತು. “ನಂಗೆಲ್ಲಿ ಮಗ ಅಕ್ಕಾ? ನನ್ನ ಹಣೆಬರಹಕ್ಕೆ ಇರೋದು ಇದೊಂದು ದರಿದ್ರ ಹುಡುಗಿ.”

ದುಲ್ಮಾ ಏನೋ ಹೇಳಲು ಬಾಯಿ ತೆರೆದಳು. ಮಗುವಿನ ಮೂಗಿನ ಮೇಲಿನ ಮಸಿ ಕಣ್ಣಿಗೆ ಬಿತ್ತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

“ಅಯ್ಯೋ, ನನ್ನ ಮರೆವಿಗೆ ಬೆಂಕಿ ಬೀಳ! ಇನ್ಯಾರದೋ ಮನೆ ಮಾತು ನಿನ್ನ ಹತ್ರ ಆಡ್ತಿದೀನಿ” ಎಂದವಳೇ ಮಗುವಿನತ್ತ ತಿರುಗಿದಳು. “ಥೂ, ಏನು ಮೂತಿನೇ ನಿಂದು, ಗೂಬೆ ಇದ್ದಂಗಿದೆ! ಪುಕ್ಕಟೆ ಕೊಟ್ರೂ ಯಾರೂ ಒಯ್ಯಲ್ಲ ನಿನ್ನ.”

ನೀಲಿ ಕೋಟು ಪಕ್ಕಕ್ಕೆ ಹೋಯಿತು. ಗುಲಾಬಿ ಬಣ್ಣದ್ದು ಹೊರಬಂತು. ಹೊರಗೆ ಹೂವು, ಒಳಗೆ ದಪ್ಪ ಕುರಿಯುಣ್ಣೆ.

ನಾಟಕ! ಇಬ್ಬರೂ ಸೇರಿಕೊಂಡು ನಾಟಕ ಹೂಡಿದ್ದಾರೆ. ಗಿರಾಕಿಯ ಮಗುವನ್ನು ಗೂಬೆ ಅನ್ನುವ ವ್ಯಾಪಾರಸ್ಥೆಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ. ಒಲೆಯ ಉರಿ ಕುಗ್ಗಿತು. ನಾಯಿ ಬಾಲ ಮುದುರಿ ದುಲ್ಮಾಳ ಕಾಲಡಿ ಸೇರಿಕೊಂಡಿತು.

ಮಗುವಿಗೆ ಗುಲಾಬಿ ಕೋಟಿನ ಮೇಲೆ ಗಮನವೇ ಇರಲಿಲ್ಲ. ಕಣ್ಣೆಲ್ಲ ನೀಲಿಯದರ ಮೇಲೆ. ಪುಟ್ಟ ಕೈ ಮೆಲ್ಲಗೆ ಹೋಗಿ ತುಪ್ಪಳವನ್ನು ಸವರಿತು. ಹೆಣ್ಣುಮಗುವಿಗೆ ಗಂಡುಡುಗೆಯ ಮೇಲೆ ಇಷ್ಟೊಂದು ಆಸೆ ಯಾಕೆ? ಅವನು ಬಾಗಿ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟ. ಮಗು ನಡುಗಿತು, ಖೊಕ್ಕನೆ ಕೆಮ್ಮಿತು.

ಇದೇ ಇರಬೇಕು, ಅಂದುಕೊಂಡ.

“ಇದಲ್ಲ!” ಗೊಂಚಿಗ್ ಕಿರುಚಿದ. “ಇದಲ್ಲ! ಇದಲ್ಲ!”

ಮಗುವಿನ ಕೈ ನೀಲಿ ಕೋಟಿನಿಂದ ಸರಕ್ಕನೆ ಹಿಂದೆ ಬಂತು. ಅವನ ಕೈಯೂ ನೆತ್ತಿಯಿಂದ ಮೇಲೆದ್ದಿತು.

ಅಪ್ಪಂದಿರ ಮಾತು ಅವನಿಗೆ ಚೆನ್ನಾಗಿ ಗೊತ್ತು. ನನ್ನನ್ನು ಕರಕೊಂಡು ಹೋಗು ಅನ್ನುತ್ತಾರೆ, ಇನ್ನೊಂದು ದಿನ ಬಿಡು ಅನ್ನುತ್ತಾರೆ. ಇಷ್ಟು ಖಂಡಿತವಾಗಿ ಇದಲ್ಲ ಎಂದವರಿಲ್ಲ. ಹುಡುಗ ಬೆಟ್ಟದಾಚೆ ಯಾವುದೋ ನೆಂಟರ ಮನೆಯಲ್ಲಿರಬೇಕು. ಒಬ್ಬರ ಬದಲು ಇನ್ನೊಬ್ಬರನ್ನು ಒಯ್ಯುವ ಪದ್ಧತಿ ಅವನಲ್ಲಿರಲಿಲ್ಲ. ಮುಖ ಗಂಟು ಹಾಕಿಕೊಂಡು ಹೊರಗೆ ನಡೆದ.

ಒಲೆ ಮತ್ತೆ ಭಗ್ಗೆಂದು ಹತ್ತಿಕೊಂಡಿತು.

“ಅಬ್ಬಾ, ಈಗ ಸ್ವಲ್ಪ ಹಾಯೆನಿಸ್ತು” ಎಂದು ದುಲ್ಮಾ ಗುಲಾಬಿ ಕೋಟು ತೊಡಿಸಿ ಕತ್ತಿನವರೆಗೂ ಗುಂಡಿ ಹಾಕಿದಳು. ಆಮೇಲೆ ಯಾರಿಗೂ ಕೇಳಿಸದ ಹಾಗೆ ಮಗುವಿನ ಕಿವಿಯಲ್ಲಿ ಉಸುರಿದಳು. “ಈ ಕೋಟು ಹರಿದು ಚಿಂದಿಯಾಗ್ಲಿ, ನೀನು ಮಾತ್ರ ಗಟ್ಟಿಯಾಗಿರು ಕಂದಾ.”

ದಾರಿಯುದ್ದಕ್ಕೂ ಮಗು ಬಿಕ್ಕುತ್ತಲೇ ಇತ್ತು. ಗುಡಾರ ಸೇರಿ, ಬಾಗಿಲು ಭದ್ರ ಮಾಡಿದ ಮೇಲೆಯೇ ಗೊಂಚಿಗ್‌ಗೆ ಉಸಿರು ಬಂದದ್ದು. ಮಗು ಕೋಟಿನ ಹೂವನ್ನು ಕಿತ್ತುಹಾಕುವಂತೆ ಗೀರುತ್ತ ಕೇಳಿತು. “ಅಪ್ಪಾ, ಇನ್ನೂ ಎಷ್ಟು ದಿನ ಹುಡುಗಿ ಥರ ಇರ್ಬೇಕು?”

ಗೊಂಚಿಗ್ ಅವನನ್ನು ಬಾಚಿ ಎದೆಗವಚಿಕೊಂಡ. “ನಿನ್ನ ಅಣ್ಣಂದಿರನ್ನ ಒಯ್ದ ಸಾವು ನಮ್ಮನೆ ದಾರಿ ಮರೆಯೋವರೆಗೂ ಕಣೋ, ಮಗನೇ. ಅದಕ್ಕೇ ಅಲ್ವೇನೋ ನಿಂಗೆ ‘ಇದಲ್ಲ’ ಅಂತ ಹೆಸರಿಟ್ಟಿರೋದು!”