ಹದಿನೈದು ಗೆರೆಯ ನಾಣ್ಯ

ಕೆಟ್ಟು ನಿಂತ ಗಿರಣಿಯ ಕಟ್ಟೆಯ ಮೇಲೆ ಗಂಟು ಬಿಚ್ಚುವ ಮೊದಲು ಆ ಮನುಷ್ಯ ರಸ್ತೆಯ ಎರಡೂ ಕಡೆ ನೋಡಿದ. ಒಳಗೆ ಇಪ್ಪತ್ತು ನಾಣ್ಯಗಳು. ಎಲ್ಲದರ ಮೇಲೂ ಚಾರ್ಮಿನಾರ್, ಸುತ್ತ ಉರ್ದು ಅಕ್ಷರ, ಸಂದಿಯಲ್ಲಿ ಮಣ್ಣು. ನಿಜಾಮರ ಕಾಲದ ಬೆಳ್ಳಿ ರೂಪಾಯಿ, ಜೇವರ್ಗಿ ಕಡೆ ಹಳೆ ಮನೆಯ ಬುನಾದಿ ಅಗೆಯುವಾಗ ಸಿಕ್ಕವು, ಸರಕಾರಕ್ಕೆ ತಿಳಿದರೆ ಕಸಿದುಕೊಂಡು ಹೋಗುತ್ತದೆ, ಅದಕ್ಕೇ ಬಂದ ಬೆಲೆಗೆ ಕೊಡುತ್ತಿದ್ದೇನೆ ಎಂದ. ಹದಿನೈದು ಸಾವಿರದಿಂದ ಶುರುವಾದ ಚೌಕಾಸಿ ನಾಲ್ಕು ಸಾವಿರಕ್ಕೆ ಬಂದು ನಿಂತಿತು.

ಕೊಳ್ಳಲು ಕೂತ ಅಬ್ರಾರ ಪೂರ್ತಿ ಹುಚ್ಚನೇನಲ್ಲ. ಒಂದು ನಾಣ್ಯ ಇಸಿದುಕೊಂಡು, ಬೆಳ್ಳಿ ಅಂಗಡಿಯ ಕಲ್ಯಾಣಪ್ಪನಿಗೆ ತೋರಿಸಿಕೊಂಡು ಬಂದಿದ್ದ. ಕಲ್ಯಾಣಪ್ಪ ಒರೆಗಲ್ಲಿಗೆ ಉಜ್ಜಿ ಅಸಲಿ ಎಂದಿದ್ದ. ಆ ಒಂದು ನಾಣ್ಯ ಅಸಲಿಯೇ. ಗಂಟಿನವ ಅದನ್ನು ಗಂಟಿನಿಂದಲ್ಲ, ಅಂಗಿಯ ಒಳಜೇಬಿನಿಂದ ತೆಗೆದು ಕೊಟ್ಟದ್ದನ್ನೂ, ತಿರುಗಿ ಅಲ್ಲಿಯೇ ಇಟ್ಟುಕೊಂಡದ್ದನ್ನೂ ಅಬ್ರಾರ ಕಂಡಿದ್ದ. ಕಂಡೂ ಯೋಚಿಸಿರಲಿಲ್ಲ. ಅವನ ತಲೆಯಲ್ಲಿ ಆಗಲೇ ಮೊಬೈಲಿನ ವಿಡಿಯೋ ಓಡುತ್ತಿತ್ತು. ಇಂಥದ್ದೊಂದು ನಾಣ್ಯಕ್ಕೆ ಪುಣೆಯ ಯಾವನೋ ಸೇಠ ಲಕ್ಷ ಕೊಡುತ್ತಾನಂತೆ.

ಕಟ್ಟೆಯ ಆಚೆ ತುದಿಯಲ್ಲಿ ಅವನ ಹೆಂಡತಿ ತಬಸ್ಸುಮ ಮೊರ ಹಿಡಿದು ಯಾರದೋ ಜೋಳ ಹಸನು ಮಾಡುತ್ತಿದ್ದಳು. ಗಿರಣಿ ನಡೆಸುವವಳು ಅವಳೇ. ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು. ಊರವರ ಚೀಲಗಳು ಗೋಡೆಗೆ ಸಾಲಾಗಿ ಕೂತಿದ್ದವು. ನಾಳೆಯೂ ಬೀಸದಿದ್ದರೆ ಅವೆಲ್ಲ ಎದ್ದು ಬಸ್ ಸ್ಟ್ಯಾಂಡಿನ ಹೊಸ ಗಿರಣಿಗೆ ಹೋಗುತ್ತವೆ, ಹೋದ ಚೀಲ ತಿರುಗಿ ಬರುವುದಿಲ್ಲ. ಮೋಟಾರಿಗೆ ತಂತಿ ಸುತ್ತುವವನು ಕೇಳಿದ್ದೂ ನಾಲ್ಕು ಸಾವಿರವನ್ನೇ.

ಅಬ್ರಾರ ಒಳಗೆ ಹೋಗಿ ಎಣ್ಣೆಯ ಡಬ್ಬಿ ಎತ್ತಿ ತಂದು ಕಟ್ಟೆಯ ಮೇಲೆ ಸುರಿದ. ನಾನೂರು ನಾಣ್ಯ. ಎಲ್ಲವೂ ಹತ್ತು ರೂಪಾಯಿಯವು.

“ಇವೇನ್ರಿ ಭಾಯಿ?” ಎಂದ ಗಂಟಿನವ.

“ನಾಕ ಸಾವಿರ. ಎಣಿಸ್ಕೋರಿ.”

“ಇವು ನಡ್ಯಂಗಿಲ್ರಿ. ನೋಟ ಕೊಡ್ರಿ.”

ಈ ನರೋಣಾ ಊರಿನಲ್ಲಿ ಹತ್ತರ ನಾಣ್ಯವನ್ನು ಕಿರಾಣಿಯವ, ಚಹಾದವ, ಟಂಟಂ ಆಟೋದವ ಯಾರೂ ಮುಟ್ಟುವುದಿಲ್ಲ. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಮುಂದಿನವ ಮುಟ್ಟುವುದಿಲ್ಲ. ಸರಕಾರದ ನಾಣ್ಯವನ್ನು ಬೇಡ ಎನ್ನಲು ನಾವ್ಯಾರು ಎಂದು ತಬಸ್ಸುಮ ಒಬ್ಬಳೇ ತೆಗೆದುಕೊಂಡಳು. ಅಷ್ಟು ತಿಳಿದದ್ದೇ ತಡ, ಇಡೀ ಊರು ಮನೆಯಲ್ಲಿದ್ದ ಹತ್ತರ ನಾಣ್ಯವನ್ನೆಲ್ಲ ಹುಡುಕಿ ಜೋಳದ ಜೊತೆಗೆ ಅವಳಿಗೇ ತಂದು ಹಾಕಿತು. ಎಣಿಸುವವರು ರಜೆಯಲ್ಲಿದ್ದಾರೆಂದು ಬ್ಯಾಂಕಿನವರು ಎರಡು ಸಲ ಡಬ್ಬಿ ಸಮೇತ ವಾಪಸು ಕಳಿಸಿದರು. ಆಳಂದದ ತಂತಿಯವ ನೋಡಿ ನಕ್ಕುಬಿಟ್ಟ.

ಗಂಟಿನವ ನಗಲಿಲ್ಲ. ಒಂದು ನಾಣ್ಯ ಎತ್ತಿ ಬಿಸಿಲಿಗೆ ಹಿಡಿದ. ಕಲ್ಲಿಗೆ ಕುಟ್ಟಿ, ಕಿವಿಗೊಟ್ಟು ಸಪ್ಪಳ ಕೇಳಿದ. ಅಂಕಿಯ ಮೇಲಿನ ಗೆರೆಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದ.

“ಹತ್ತ ಗೆರಿ ಇದ್ರ ಅಸಲಿ. ಇದರಾಗ ಹದಿನೈದ ಅವ. ಡುಪ್ಲಿಕೇಟ.”

ಎರಡೂ ಸರಕಾರದ್ದೇ ಎಂದು ಅಬ್ರಾರ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ತನಗೂ ಮಕ್ಕಳಿದ್ದಾರೆ, ಬಡವನಿಗೆ ಹೀಗೆ ಮೋಸ ಮಾಡಬಾರದು, ಈಗಿನ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಎಂದು ನೊಂದುಕೊಂಡ. ಆಮೇಲೆ ಮನಸ್ಸು ದೊಡ್ಡದು ಮಾಡಿ, ಹತ್ತಕ್ಕೆ ಆರರಂತೆ ಹಿಡಿಯುತ್ತೇನೆ, ಕಡಿಮೆ ಬಿದ್ದದ್ದಕ್ಕೆ ನೋಟು ಕೊಡಿ ಎಂದ.

ಕಿರಾಣಿಯವನ ಮೇಲೆ, ಬ್ಯಾಂಕಿನವರ ಮೇಲೆ ಮೂರು ತಿಂಗಳಿಂದ, ತಂತಿಯವನ ಮೇಲೆ ನಾಲ್ಕು ದಿನದಿಂದ ಕೂಡಿಟ್ಟ ಸಿಟ್ಟೆಲ್ಲ ಅಬ್ರಾರನ ನೆತ್ತಿಗೇರಿತು.

“ಲೇ, ನಿನ್ನ ರೊಕ್ಕದ ರಾಜಾ ಹೋಗಿ ಎಂಬತ್ತ ವರ್ಷ ಆಗಾಕ ಬಂತು. ಅದು ನಡೀತದ. ನಮ್ಮ ಸರಕಾರ ಇನ್ನೂ ಜೀವಂತ ಅದ, ಅದರದ್ದು ನಡ್ಯಂಗಿಲ್ಲೇನಲೇ?”

ಹೇಳುತ್ತಲೇ ಖಾಲಿ ಡಬ್ಬಿಯನ್ನು ಕಟ್ಟೆಗೆ ಕುಕ್ಕಿದ. ಆ ಪೆಟ್ಟಿಗೆ ನಿಜಾಮನ ನಾಣ್ಯವೂ ಹತ್ತರ ನಾಣ್ಯವೂ ಹಾರಿ ಒಂದಾದವು. ಗಂಟಿನವ ಕೈಹಾಕಲು ಬಂದರೆ ಅಬ್ರಾರ ಮುಟ್ಟಲು ಬಿಡಲಿಲ್ಲ. ಕೊನೆಗೆ ತಬಸ್ಸುಮ ಎದ್ದು ಬಂದು ಎಲ್ಲವನ್ನೂ ಮೊರಕ್ಕೆ ಬಳಿದುಕೊಂಡಳು. ಜೋಳದಲ್ಲಿ ಕಲ್ಲು ಆರಿಸುವ ಕೈ. ಚಾರ್ಮಿನಾರಿನವನ್ನು ಬೇರೆ ಮಾಡಿ ಸಾಲಾಗಿ ಇಡುತ್ತಾ ಹೋದಳು. ಏಳನೆಯದಕ್ಕೆ ಕೈ ನಿಧಾನವಾಯಿತು. ಹತ್ತನೆಯದನ್ನು ಮೊದಲನೆಯದರ ಪಕ್ಕ ಹಿಡಿದು ನೋಡಿದಳು. ಇಪ್ಪತ್ತನ್ನೂ ಸಾಲಿಗೆ ಇಟ್ಟು ಮುಗಿಸಿದಳು.

“ಎಲ್ಲಾದರದೂ ಎಡಗಡಿ ಮಿನಾರ ಒಂದ ಜಾಗಾದಾಗ ಜಜ್ಜೇದಲ್ರಿ,” ಎಂದಳು. “ಇಪ್ಪತ್ತಕ್ಕ ಇಪ್ಪತ್ತೂ ಒಂದ ಕಲ್ಲಿನ ಮ್ಯಾಲೆ ಬಿದ್ದಾವೇನು?”

ಅಬ್ರಾರ ಬಗ್ಗಿ ನೋಡಿದ. ಅದೇ ಮಿನಾರು, ಅದೇ ಜಾಗ, ಅದೇ ಅಕ್ಕಿಕಾಳಿನಷ್ಟು ತಗ್ಗು. ಒಂದು ಪೆಟ್ಟುಬಿದ್ದ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದವನು, ಪೆಟ್ಟನ್ನೂ ಇಪ್ಪತ್ತಕ್ಕೂ ಹಂಚಿಬಿಟ್ಟಿದ್ದ. ಅಬ್ರಾರ ಗಂಟಿನವನ ತೋಳು ಹಿಡಿದು, ಪೊಲೀಸರನ್ನು ಕರೆಯುತ್ತೇನೆ ಎಂದ.

ಗಂಟಿನವ ತೋಳು ಕೊಸರಿಕೊಂಡ. ಇಪ್ಪತ್ತನ್ನೂ ಬಾಚಿ ಗಂಟು ಹಾಕಿಕೊಂಡು, ಗಿರಣಿಯ ಮುಂದೆ ಹಾದು ಹೊರಟಿದ್ದ ಟಂಟಂಗೆ ಹಾರಿ ಕೂತ. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತ ಮೇಲೆ ತಬಸ್ಸುಮಳ ಕಡೆ ನೋಡಿ, ಕೂಗದೆ, ಸಮಾಧಾನದಿಂದಲೇ ಹೇಳಿದ:

“ಖೋಟಾ ಖರೇನ ಹಿಡದ್ರಿ ಭಾಬಿ, ಇಲ್ಲ ಅನ್ನಂಗಿಲ್ಲ. ಆದ್ರ ಸಂಜಿ ಒಳಗ ಅಫಜಲಪುರದಾಗ ಇಪ್ಪತ್ತೂ ಖಾಲಿ ಮಾಡ್ತೇನಿ. ನೀವು ನಿಮ್ಮ ಡಬ್ಬಿ ಖಾಲಿ ಮಾಡಿ ತೋರಸ್ರಿ.”