ಕೆಳಗೆ ಬೀಳದ ಸೀಬೆಹಣ್ಣು

ಮುಳ್ಳು ಇವತ್ತೂ ಸೊನ್ನೆಯಲ್ಲೇ ನಿಂತಿತ್ತು...

ಸ್ಟ್ರೋಕ್ ಆದ ಮೇಲೆ ವಾರಿಜ ಟೀಚರ್ ಬಲಗೈ ಅವರ ಮಾತು ಕೇಳುತ್ತಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ನಸೀಮಾ ಹಿಡಿತ ಅಳೆಯುವ ಮಿಷಿನ್ ಕೈಗೆ ಕೊಡುವುದು, ಟೀಚರ್ ಹಲ್ಲು ಕಚ್ಚಿ ಅದುಮುವುದು, ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಕದಲದು!

"ಸಾಕಮ್ಮಾ... ನಾಳೆಯಿಂದ ಬರಬೇಡ" ಎಂದುಬಿಟ್ಟರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಆ ಕೈ ಇನ್ನು ಚಾಕ್‌ಪೀಸನ್ನೂ ಹಿಡಿಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

ಮಧ್ಯಾಹ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಜೊಂಪು ಹತ್ತಿತು...

ಅದೇ ಹಳೇ ಕ್ಲಾಸು. ಬಿಸಿಲಿನಲ್ಲಿ ಚಾಕಿನ ಪುಡಿ ಮೆಲ್ಲಗೆ ತೇಲುತ್ತಿದೆ...

"ಬಲವನ್ನ ಅಳೆಯೋದು ನ್ಯೂಟನ್‌ನಲ್ಲಿ ಮಕ್ಕಳೇ. ಬಲ ಅಂದ್ರೇನು ಅಂತ ತಿಳಿಸಿಕೊಟ್ಟ ವಿಜ್ಞಾನಿ ಹೆಸರನ್ನೇ ಅದಕ್ಕಿಟ್ರು. ಒಂದು ಕೇಜಿ ವಸ್ತುವಿನ ವೇಗವನ್ನ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸೋ ಬಲವೇ ಒಂದು ನ್ಯೂಟನ್."

ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ಟೀಚರ್ ಎಂದಿನಂತೆ ಬ್ಯಾಗಿನಿಂದ ಪುಟ್ಟ ಸೀಬೆಹಣ್ಣು ತೆಗೆದರು.

"ಅವರು ಸೇಬು ಬೀಳೋದನ್ನ ನೋಡಿದ್ರಂತೆ. ನಮಗೆ ಸೀಬೆನೇ ಸೈ! ಇದು ಬೀಳದ ಹಾಗೆ ಹಿಡ್ಕೊಳ್ಳಿ... ಒಂದು ನ್ಯೂಟನ್ ಅಂದ್ರೆ ಹೆಚ್ಚುಕಮ್ಮಿ ಇಷ್ಟೇ."

"ಟೀಚರ್, ಲಾರಿ ತೂಗೋ ತಕ್ಕಡೀಲಿ ಇದನ್ನ ಇಟ್ರೆ ಸೊನ್ನೆ ತೋರ್ಸುತ್ತಲ್ಲ?" ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು.

"ಹಣ್ಣೇ ಇಲ್ಲ ಅಂತಲ್ಲ ಕಣೇ, ತಕ್ಕಡಿ ದೊಡ್ಡದು ಅಂತ!"

ಇಡೀ ಕ್ಲಾಸು ನಕ್ಕಿತು... ಆ ನಗುವಿಗೇ ಟೀಚರ್‌ಗೆ ಎಚ್ಚರವಾಯಿತು.

ಎದುರಿಗೆ ಗಂಡ ಶ್ರೀಪತಿ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಅಲ್ಲಾಡಬೇಡ ವಾರಿಜಾ... ನಿನ್ನ ಕೈ ನೋಡ್ಕೋ."

ಕುರ್ಚಿಯಿಂದ ಕೆಳಗೆ ಜೋತುಬಿದ್ದ ಬಲಗೈ. ಬೆರಳುಗಳು ಮಡಚಿಕೊಂಡಿವೆ. ಅವುಗಳ ನಡುವೆ ಒಂದು ಪುಟ್ಟ ಸೀಬೆಹಣ್ಣು!

"ಹಿತ್ತಲಲ್ಲಿ ಕಿತ್ತೆ... ಸುಮ್ನೆ ನಿನ್ನ ಬೆರಳ ಮಧ್ಯೆ ಇಟ್ಟು ಕೈ ಬಿಟ್ಟೆ. ಬೀಳ್ಲೇ ಇಲ್ಲ ಕಣೇ!"

"ಮಿಷಿನ್ನು ಸೊನ್ನೆ ತೋರಿಸ್ತಲ್ರೀ..."

"ಅಯ್ಯೋ, ಅದು ಪೈಲ್ವಾನರ ಮಿಷಿನ್ನು! ಅದರ ಮೊದಲನೇ ಗೆರೆನೇ ಎರಡು ಕೇಜಿ. ಗೆರೆ ನೋಡದೆ ಅಳತೆ ಹೇಳಿದ್ರೆ ಮಕ್ಕಳಿಗೆ ಬೈತಿದ್ದೆಯಲ್ಲ, ನೀನೇ ನೋಡ್ಲಿಲ್ವಾ?"

ಆಮೇಲೆ ತಮಾಷೆಯಾಗಿ ಕೇಳಿದರು, "ಈಗ ಹೇಳಿ ಟೀಚರ್... ಎಷ್ಟು ಬಲ?"

ಟೀಚರ್‌ಗೆ ಅಳು ಒತ್ತರಿಸಿ ಬಂತು.

"ಒಂದು... ಒಂದು ನ್ಯೂಟನ್ ರೀ..."

ಕಣ್ಣೊರೆಸಿಕೊಳ್ಳಲು ಎಡಗೈ ಎತ್ತಿದರು. ಬಲಗೈಯಿಂದ ಹಣ್ಣು ಬಿಡಲಿಲ್ಲ.

"ನಸೀಮಾಗೆ ಫೋನ್ ಮಾಡಿ. ನಾಳೆ ಬರೋಕೆ ಹೇಳಿ."

ಮುಳ್ಳು ಕದಲಲಿಲ್ಲ ಎಂದ ಮಾತ್ರಕ್ಕೆ ನಮ್ಮೊಳಗಿನ ಬಲ ಸೊನ್ನೆಯಲ್ಲ.

ನೀವು ನಿಮ್ಮನ್ನು ಯಾವ ದೊಡ್ಡ ತಕ್ಕಡಿಯಲ್ಲಿ ತೂಗಿಕೊಂಡು ಸೋತೆ ಅಂತ ಕೂತಿದ್ದೀರಿ...?